ದೀಪದಲ್ಲಿ ಬತ್ತಿ ಎಲ್ಲಿ ಕೂರಬೇಕು?

ಹೋದ ವರ್ಷ ತುಳಸಿ ಪೂಜೆಯ ದಿನ ಉಡುಪಿಯ ನಮ್ಮ ಮನೆ ಅಂಗಳದಲ್ಲಿ ಹನ್ನೆರಡು ಹಣತೆ ಇಟ್ಟಿದ್ದೆ. ಒಂದೇ ಅಂಗಡಿಯ ಹಣತೆ, ಒಂದೇ ಡಬ್ಬದ ತೆಂಗಿನೆಣ್ಣೆ, ಒಂದೇ ಕಟ್ಟಿನ ಬತ್ತಿ. ಅರ್ಧ ಗಂಟೆ ಆಗುವುದರೊಳಗೆ ಮೂರು ಆರಿಹೋದವು. ನೋಡಿದರೆ ಎಣ್ಣೆ ಹಾಗೇ ಇದೆ. ಇನ್ನೆರಡು ಹೊಗೆ ಕಾರಿ ತುಳಸಿಕಟ್ಟೆಯ ಬಿಳಿ ಸುಣ್ಣಕ್ಕೆ ಕಪ್ಪು ಹಿಡಿಸಿದವು. ಒಂದರ ಬುಡದಲ್ಲಿ ಎಣ್ಣೆ ಸೋರಿ ಸಿಮೆಂಟಿನ ಮೇಲೆ ಮಡುಗಟ್ಟಿತ್ತು. ಉಳಿದ ಆರು ಮಾತ್ರ ಚಂದಕ್ಕೆ ಉರಿಯುತ್ತಿದ್ದವು.

ದೊಡ್ಡಮ್ಮ ಒಂದು ಹಿಡಿಸೂಡಿ (ಪೊರಕೆ) ಕಡ್ಡಿ ಮುರಿದುಕೊಂಡು ಬಂದು ಕೂತರು. ಒಂದೊಂದು ಹಣತೆಗೂ ಐದಾರು ಸೆಕೆಂಡು. ಕಡ್ಡಿಯಲ್ಲಿ ಬತ್ತಿಯನ್ನು ಸ್ವಲ್ಪ ಹಿಂದೆ ಎಳೆದರು, ಒಂದನ್ನು ಮುಂದೆ ದೂಡಿದರು, ಒಂದರ ತುದಿ ಮೇಲಕ್ಕೆ ಬಗ್ಗಿಸಿದರು. "ಎಣ್ಣೆಯದ್ದು ಎಂತ ತಪ್ಪೂ ಇಲ್ಲ ಮಗಾ, ಬತ್ತಿ ಸರಿ ಕೂತಿಲ್ಲ ಅಷ್ಟೆ" ಅಂದರು. ಅವರು ಎದ್ದು ಹೋಗುವಾಗ ಹನ್ನೆರಡೂ ಉರಿಯುತ್ತಿದ್ದವು.

ಅವರ ಕೈ ಮಾಡಿದ್ದು ಏನು ಅನ್ನುವುದು ನನಗೆ ಅರ್ಥವಾಗಲು ಬಹಳ ದಿನ ಬೇಕಾಯಿತು. ಒಂದು ಸಲ ಗೊತ್ತಾದರೆ ದೀಪ ಹಚ್ಚುವ ರೀತಿಯೇ ಬದಲಾಗುತ್ತದೆ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಒಂದು ವಿಷಯ. ದೀಪದಲ್ಲಿ ಉರಿಯುವುದು ಬತ್ತಿ ಅಂತ ನಾವು ಅಂದುಕೊಳ್ಳುತ್ತೇವೆ ಅಲ್ವಾ? ಎಣ್ಣೆ ಇಲ್ಲದ ಬತ್ತಿಗೆ ಬೆಂಕಿ ಹಚ್ಚಿ ನೋಡಿ. ಕೆಲವೇ ಸೆಕೆಂಡಿನಲ್ಲಿ ಬೂದಿ. ಅದೇ ಬತ್ತಿ ಎಣ್ಣೆಯಲ್ಲಿ ಇಡೀ ರಾತ್ರಿ ಇರುತ್ತದೆ. ಇನ್ನೊಂದು ಕಡೆ, ಬಟ್ಟಲಿನ ತೆಂಗಿನೆಣ್ಣೆಯೊಳಗೆ ಉರಿಯುವ ಬೆಂಕಿಕಡ್ಡಿ ಅದ್ದಿದರೆ ಕಡ್ಡಿಯೇ ಆರುತ್ತದೆ, ಎಣ್ಣೆ ಹೊತ್ತಿಕೊಳ್ಳುವುದಿಲ್ಲ. ಅಡುಗೆ ಎಣ್ಣೆಗಳು 200 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬಿಸಿಯಾಗಿ ಆವಿ ಬಿಟ್ಟಾಗಷ್ಟೇ ಹೊತ್ತಿಕೊಳ್ಳುತ್ತವೆ. ಬಟ್ಟಲು ತುಂಬ ಎಣ್ಣೆಯನ್ನು ಒಂದು ಬೆಂಕಿಕಡ್ಡಿ ಅಷ್ಟು ಬಿಸಿ ಮಾಡಲಾರದು. ಆದರೆ ಬತ್ತಿಯ ತುದಿಯಲ್ಲಿರುವ ಒಂದು ಹನಿಯನ್ನು ಮಾಡಬಲ್ಲದು. ಆ ಹನಿ ಆವಿಯಾಗುತ್ತದೆ, ಆವಿ ಉರಿಯುತ್ತದೆ, ಆ ಬಿಸಿಗೆ ಮುಂದಿನ ಹನಿ ಆವಿಯಾಗುತ್ತದೆ. ಬತ್ತಿ ಬರೀ ದಾರಿ. ಹಿಂದಿನಿಂದ ಎಣ್ಣೆ ಬರುತ್ತಾ ಇರುವವರೆಗೆ ತುದಿ ಸುಟ್ಟುಹೋಗುವಷ್ಟು ಬಿಸಿಯಾಗದೆ ಉಳಿಯುತ್ತದೆ. ಎಣ್ಣೆ ಬರುವುದು ನಿಂತರೆ ಬೆಂಕಿ ಬತ್ತಿಯನ್ನೇ ತಿನ್ನಲು ಶುರು ಮಾಡುತ್ತದೆ.

ಹಾಗಾಗಿ ದೀಪದ ಲೆಕ್ಕ ಎರಡೇ: ತುದಿಗೆ ಎಷ್ಟು ಎಣ್ಣೆ ಬರುತ್ತದೆ, ತುದಿಯಲ್ಲಿ ಎಷ್ಟು ಎಣ್ಣೆ ಖರ್ಚಾಗುತ್ತದೆ. ಬತ್ತಿಯನ್ನು ಕೂರಿಸುವುದು ಅಂದರೆ ಈ ಎರಡನ್ನೂ ಸರಿದೂಗಿಸುವುದು.

ಎಣ್ಣೆ ಮೇಲೆ ಹತ್ತುವುದು ಹೇಗೆ ಅಂತ ಶಾಲೆಯ ಲೋಮನಾಳದ ಪಾಠದಲ್ಲಿ ಓದಿರುತ್ತೀರಿ. ಸಪೂರ ಗಾಜಿನ ನಳಿಗೆಯನ್ನು ನೀರಿನಲ್ಲಿ ಅದ್ದಿದರೆ ನೀರು ತಾನಾಗಿ ಮೇಲೇರುತ್ತದೆ. ನಳಿಗೆ ಸಪೂರ ಆದಷ್ಟೂ ಏರುವ ಎತ್ತರ ಜಾಸ್ತಿ. ಇಂಗ್ಲೆಂಡಿನ ಜೇಮ್ಸ್ ಜುರಿನ್ 1718ರ ಹೊತ್ತಿಗೇ ಇದನ್ನು ನಿಯಮವಾಗಿ ಹೇಳಿದ್ದರು. 1 ಮಿಲಿಮೀಟರ್ ಒಳವ್ಯಾಸದ ನಳಿಗೆಯಲ್ಲಿ ನೀರು ಸುಮಾರು 3 ಸೆಂಟಿಮೀಟರ್ ಏರುತ್ತದೆ. ಹತ್ತಿಯ ಬತ್ತಿಯಲ್ಲಿ ನಳಿಗೆ ಇಲ್ಲ, ಆದರೆ ಎಳೆ ಎಳೆಯ ನಡುವೆ ಕೂದಲಿಗಿಂತ ಸಣ್ಣ ಸಂದುಗಳಿವೆ. ಎಣ್ಣೆ ಆ ಸಂದುಗಳನ್ನು ಹಿಡಿದು ಹತ್ತುತ್ತದೆ. ನೀರಿನಷ್ಟು ಎತ್ತರಕ್ಕೆ ಎಣ್ಣೆ ಏರದು, ನಿಜ. ಆದರೂ ಹಣತೆಯ ಎರಡು ಬೆರಳು ಎತ್ತರ ಅದಕ್ಕೊಂದು ಲೆಕ್ಕವೇ ಅಲ್ಲ.

ಕಷ್ಟ ಇರುವುದು ವೇಗದಲ್ಲಿ. ನಮ್ಮ ಸೆಕೆಗಾಲದ ಬಿಸಿಗೂ ತೆಂಗಿನೆಣ್ಣೆ ನೀರಿಗಿಂತ ಹತ್ತಾರು ಪಟ್ಟು ಮಂದ. ಮಂದ ಎಣ್ಣೆ ನಿಧಾನ ಹತ್ತುತ್ತದೆ. ಹೋಗಬೇಕಾದ ದೂರ ಎರಡು ಪಟ್ಟಾದರೆ, ಅಷ್ಟೇ ಹೊತ್ತಿನಲ್ಲಿ ತುದಿ ಮುಟ್ಟುವ ಎಣ್ಣೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹಣತೆಯ ಆಕಾರ ಯಾಕೆ ಹಾಗಿದೆ ಅಂತ ನನಗೆ ಹೊಳೆದದ್ದು ಇಲ್ಲಿ. ಹಣತೆ ಅಗಲ, ಆಳ ಕಡಿಮೆ. ಕಾಲುದೀಪದ ತಟ್ಟೆಯೂ ಹಾಗೇ. ಎಣ್ಣೆ ಖರ್ಚಾದರೂ ಮಟ್ಟ ಬೇಗ ಇಳಿಯುವುದಿಲ್ಲ, ತುದಿಗೂ ಎಣ್ಣೆಗೂ ನಡುವಿನ ದೂರ ಜಾಸ್ತಿಯಾಗುವುದಿಲ್ಲ. ಅದೇ ಎಣ್ಣೆಯನ್ನು ಉದ್ದ ಗಾಜಿನ ಲೋಟದಲ್ಲಿ ಹಾಕಿ ಅಂಚಿಗೆ ಬತ್ತಿ ನೇತುಹಾಕಿ ನೋಡಿ. ಮೊದಲು ಚೆನ್ನಾಗಿ ಉರಿಯುತ್ತದೆ, ಮಟ್ಟ ಒಂದೆರಡು ಇಂಚು ಇಳಿಯುತ್ತಲೇ ಮಂಕಾಗುತ್ತದೆ, ಎಣ್ಣೆ ಇರುವಾಗಲೇ ಆರುತ್ತದೆ.

ಹಾಗಾದರೆ ಲಾಟೀನು? ಅದರ ಟ್ಯಾಂಕ್ ಬತ್ತಿಯ ತುದಿಯಿಂದ ಎಷ್ಟೋ ಕೆಳಗಿರುತ್ತದೆ. ಅದು ನಡೆಯುವುದು ಚಿಮಣಿ ಎಣ್ಣೆ (ಸೀಮೆಎಣ್ಣೆ) ತೆಳುವಾಗಿರುವುದರಿಂದ. ತೆಂಗಿನೆಣ್ಣೆಗೆ ಹೋಲಿಸಿದರೆ ಅದು ನೀರಿನ ಹಾಗೆ ಓಡುತ್ತದೆ. ನಮ್ಮ ಕರಾವಳಿಯಲ್ಲಿ ಚಿಮಣಿ ಎಣ್ಣೆ ಬರುವ ಮೊದಲು ತೆಂಗಿನೆಣ್ಣೆ, ಹೊನ್ನೆ ಎಣ್ಣೆಯ ದೀಪಗಳೇ. ಅವುಗಳಿಗೆ ತಗ್ಗು ತಟ್ಟೆಯ ಆಕಾರವೇ ಚೆನ್ನಾಗಿ ಹೊಂದುತ್ತದೆ. ಲಾಟೀನಿಗೆ ತೆಂಗಿನೆಣ್ಣೆ ತುಂಬಿದರೆ ಸರಿಯಾಗಿ ಉರಿಯುವುದಿಲ್ಲ. ಹಣತೆಗೆ ಚಿಮಣಿ ಎಣ್ಣೆ ಹಾಕುವುದಂತೂ ದೊಡ್ಡ ಅಪಾಯ. ಚಿಮಣಿ ಎಣ್ಣೆ 40 ಡಿಗ್ರಿ ಆಸುಪಾಸಿನಲ್ಲೇ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಮುಚ್ಚಳವಿಲ್ಲದ ಹಣತೆಯಲ್ಲಿ ಬತ್ತಿಯ ತುದಿ ಬಿಟ್ಟು ಇಡೀ ಹಣತೆಗೇ ಬೆಂಕಿ ಹಿಡಿಯಬಹುದು. ದಯವಿಟ್ಟು ಯಾವತ್ತೂ ಹಾಗೆ ಮಾಡಬೇಡಿ.

ಈಗ ಅಂಗಳದ ಆ ಹಣತೆಗಳಿಗೆ ಬರೋಣ. ಆರಿಹೋದ ಮೂರರಲ್ಲಿ ತಪ್ಪು ಬಾಲದಲ್ಲಿತ್ತು. ಬತ್ತಿಯ ತುದಿಯನ್ನು ನಾವೆಲ್ಲ ನೋಡುತ್ತೇವೆ, ಬಾಲವನ್ನು ಯಾರೂ ನೋಡುವುದಿಲ್ಲ. ನಾನು ಬತ್ತಿಯನ್ನು ಹಣತೆಯಲ್ಲಿಟ್ಟು, ಮೇಲಿನಿಂದ ಎಣ್ಣೆ ಸುರಿದು, ತಕ್ಷಣ ಬೆಂಕಿ ಹಚ್ಚಿದ್ದೆ. ಬತ್ತಿಯ ಬಾಲ ಹಣತೆಯ ಗೋಡೆಗೆ ಒರಗಿಕೊಂಡಿತ್ತು, ಅರ್ಧ ಎಣ್ಣೆಯಲ್ಲಿ, ಅರ್ಧ ಹೊರಗೆ. ಒಳಗಿನ ಎಳೆಗಳಲ್ಲಿ ಇನ್ನೂ ಗಾಳಿಯೇ ತುಂಬಿತ್ತು. ತುದಿಗೆ ಎಣ್ಣೆ ಬಂದು ಮುಟ್ಟುವ ಮೊದಲೇ ಬೆಂಕಿ ಬಂದು ಮುಟ್ಟಿತು. ತುದಿ ಕರಕಲಾಯಿತು. ಕರಕಲಾದ ಎಳೆಗಳು ಕುಗ್ಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಸಂದುಗಳು ಮುಚ್ಚಿಹೋಗುತ್ತವೆ. ಆಮೇಲೆ ಎಣ್ಣೆ ಬಂದರೂ ದಾರಿ ಇಲ್ಲ. ಅಂಥ ಬತ್ತಿಗೆ ಎಷ್ಟು ಸಲ ಕಡ್ಡಿ ಗೀರಿದರೂ ಅಷ್ಟೆ. ಕಪ್ಪು ಭಾಗ ಚಿವುಟಿ ತೆಗೆದು ಹೊಸ ತುದಿ ಮುಂದೆ ತರಬೇಕು. ದೊಡ್ಡಮ್ಮ ಅದನ್ನೇ ಮಾಡಿದ್ದರು.

ಅವರು ಬತ್ತಿ ಇಡುವ ಕ್ರಮ ಬೇರೆ. ಮೊದಲು ಬತ್ತಿಯನ್ನು ಎಣ್ಣೆಯಲ್ಲಿ ಪೂರ್ತಿ ಮುಳುಗಿಸುತ್ತಾರೆ. ಎರಡು ಬೆರಳಲ್ಲಿ ಒತ್ತಿ ಬಿಡುತ್ತಾರೆ. ಸಣ್ಣ ಸಣ್ಣ ಗುಳ್ಳೆ ಮೇಲೆ ಬರುತ್ತವೆ, ಅದು ಒಳಗಿನ ಗಾಳಿ. ಗುಳ್ಳೆ ಬರುವುದು ನಿಲ್ಲುವವರೆಗೆ ಒತ್ತುತ್ತಾರೆ. ಆಮೇಲೆ ಬಾಲವನ್ನು ಹಣತೆಯ ತಳಕ್ಕೆ ಮಲಗಿಸಿ, ಅತಿ ತಗ್ಗಾದ ಜಾಗದ ಮೂಲಕ ಒಂದು ಸುತ್ತು ಸುತ್ತಿಸುತ್ತಾರೆ. ಎಣ್ಣೆ ಕಡಿಮೆಯಾದಾಗ ಕೊನೆಗೆ ಉಳಿಯುವುದು ಆ ತಗ್ಗಿನಲ್ಲಿ ತಾನೇ? ಬಾಲ ಅಲ್ಲೇ ಇದ್ದರೆ ಕೊನೆಯ ಹನಿಯವರೆಗೂ ಹೀರುತ್ತದೆ.

ಇನ್ನು ಹೊಗೆ ಕಾರಿದ ಎರಡು. ಅಲ್ಲಿ ತುದಿ ಜಾಸ್ತಿ ಹೊರಗಿತ್ತು, ಹೆಬ್ಬೆರಳ ಉಗುರಿನಷ್ಟು ಉದ್ದ. ತುದಿ ಉದ್ದವಾದರೆ ಉರಿ ದೊಡ್ಡದಾಗುತ್ತದೆ, ಅಲ್ಲಿಯವರೆಗೆ ಸರಿ. ಆದರೆ ಅಷ್ಟೂ ಉದ್ದದಿಂದ ಎಣ್ಣೆ ಆವಿಯಾಗಿ ಮೇಲೇಳುವಾಗ ಅದನ್ನೆಲ್ಲ ಪೂರ್ತಿ ಸುಡುವಷ್ಟು ಗಾಳಿ ಉರಿಯ ನಡುವಿಗೆ ಸಿಗುವುದಿಲ್ಲ. ಅರ್ಧ ಸುಟ್ಟ ಇಂಗಾಲ ಮಸಿಯಾಗಿ ಹೊರಬರುತ್ತದೆ. ದೀಪದ ಹಳದಿ ಬೆಳಕೇ ಉರಿಯೊಳಗೆ ಕಾದು ಹೊಳೆಯುವ ಇಂಗಾಲದ ಕಣಗಳದ್ದು. ಸಣ್ಣ ಉರಿಯಲ್ಲಿ ಅವು ಹೊಳೆದು ಮೇಲಿನ ತುದಿಯಲ್ಲಿ ಸುಟ್ಟುಹೋಗುತ್ತವೆ, ದೊಡ್ಡ ಉರಿಯಲ್ಲಿ ಸುಡದೆ ತಪ್ಪಿಸಿಕೊಂಡು ಗೋಡೆ ಸೇರುತ್ತವೆ. ಉರಿಯ ನಡುವಿಗೆ ಗಾಳಿ ಸಾಲದು ಅನ್ನುವ ಈ ತೊಂದರೆಯನ್ನೇ ಬಿಡಿಸಲು ಸ್ವಿಟ್ಜರ್ಲೆಂಡಿನ ಎಮೆ ಅರ್ಗಾಂಡ್ 1780ರಲ್ಲಿ ಬತ್ತಿಯನ್ನು ಟೊಳ್ಳು ಕೊಳವೆಯ ಹಾಗೆ ಸುತ್ತಿ, ನಡುವಿನಿಂದಲೂ ಗಾಳಿ ಬರುವ ಹಾಗೆ ಮಾಡಿದರು. ಹಣತೆಯಲ್ಲಿ ನಮ್ಮ ಕೈಲಿರುವ ಉಪಾಯ ಒಂದೇ, ತುದಿ ಸಣ್ಣದು ಮಾಡುವುದು.

ಎಷ್ಟು ಸಣ್ಣದು? ನನ್ನ ಅನುಭವದಲ್ಲಿ ಒಂದು ಕುಚ್ಚಲಕ್ಕಿ ಕಾಳಿನಷ್ಟು ಅಂಚಿನಿಂದ ಹೊರಗಿದ್ದರೆ ಸಾಕು. ಅದಕ್ಕಿಂತ ಕಡಿಮೆ ಮಾಡಿ ಅಂಚಿನ ಮಟ್ಟಕ್ಕೆ ತಂದರೆ ಬೇರೆ ತೊಂದರೆ. ತಣ್ಣಗಿನ ಅಂಚು ಉರಿಯ ಬಿಸಿಯನ್ನು ಎಳೆದುಕೊಳ್ಳುತ್ತದೆ, ಉರಿ ಮಂಕಾಗುತ್ತದೆ. ಹಿತ್ತಾಳೆ ದೀಪದಲ್ಲಿ ಇದು ಇನ್ನೂ ಜಾಸ್ತಿ, ಲೋಹ ಬಿಸಿಯನ್ನು ಬೇಗ ಎಳೆಯುತ್ತದೆ. ಆದರೆ ಹಿತ್ತಾಳೆಗೆ ಒಂದು ಒಳ್ಳೆಯ ಗುಣವೂ ಉಂಟು. ಸ್ವಲ್ಪ ಹೊತ್ತು ಉರಿದ ಮೇಲೆ ತಟ್ಟೆಯೇ ಬೆಚ್ಚಗಾಗಿ ಎಣ್ಣೆ ತೆಳುವಾಗುತ್ತದೆ. ಹರಳೆಣ್ಣೆ ತೆಂಗಿನೆಣ್ಣೆಗಿಂತ ಸುಮಾರು ಹತ್ತು ಪಟ್ಟು ಮಂದ, ಮಣ್ಣಿನ ಹಣತೆಯಲ್ಲಿ ಅದು ತುಂಬಾ ಸೋಮಾರಿ. ಹಿತ್ತಾಳೆಯಲ್ಲಿ, ದಪ್ಪ ಬತ್ತಿ ಹಾಕಿ, ಬತ್ತಿಯನ್ನು ಎಣ್ಣೆಗೆ ಹತ್ತಿರ ಇಟ್ಟರೆ ಪರವಾಗಿಲ್ಲ, ನಿಧಾನವಾಗಿ ಬಹಳ ಹೊತ್ತು ಉರಿಯುತ್ತದೆ.

ಸೋರಿದ ಆ ಒಂದು ಹಣತೆ ನನಗೆ ತುಂಬಾ ಇಷ್ಟದ್ದು, ಯಾಕೆಂದರೆ ಅದನ್ನು ಅರ್ಥ ಮಾಡಿಕೊಂಡ ದಿನ ನಿಜಕ್ಕೂ ಖುಷಿಯಾಯಿತು. ಹಣತೆಯಲ್ಲಿ ಬಿರುಕು ಇರಲಿಲ್ಲ. ಬತ್ತಿ ಅಂಚು ದಾಟಿ ಹೊರಗೆ ಇಳಿಬಿದ್ದಿತ್ತು, ತುದಿ ಒಳಗಿನ ಎಣ್ಣೆಯ ಮಟ್ಟಕ್ಕಿಂತ ಕೆಳಗಿತ್ತು. ಡ್ರಮ್ಮಿನಿಂದ ಪೈಪು ಹಾಕಿ ನೀರು ಇಳಿಸುತ್ತೇವಲ್ಲ, ಅದೇ ಕೆಲಸ. ಎಣ್ಣೆ ಬತ್ತಿಯನ್ನು ಹತ್ತಿ, ಅಂಚು ದಾಟಿ, ಆ ಕಡೆ ಇಳಿಯುತ್ತಲೇ ಇತ್ತು. ಉರಿ ಖರ್ಚು ಮಾಡುವುದಕ್ಕಿಂತ ಜಾಸ್ತಿ ಎಣ್ಣೆ ಬಂದಾಗ ಉಳಿದದ್ದು ಹನಿಹನಿಯಾಗಿ ಕೆಳಗೆ. ದೇವರಕೋಣೆಯಲ್ಲಿ ಕಾಲುದೀಪದ ಬುಡ ಬೆಳಿಗ್ಗೆ ಎಣ್ಣೆಯಲ್ಲಿ ಮಿಂದಿರುವುದಕ್ಕೂ ಹೆಚ್ಚಿನ ಸಲ ಇದೇ ಕಾರಣ. ತುದಿಯನ್ನು ಮೇಲಕ್ಕೆ ಬಗ್ಗಿಸಿ, ಎಣ್ಣೆಯ ಮಟ್ಟಕ್ಕಿಂತ ಮೇಲೆ ನಿಲ್ಲಿಸಿದರೆ ಸೋರುವುದು ನಿಲ್ಲುತ್ತದೆ. ಎಣ್ಣೆಯನ್ನು ಅಂಚಿನವರೆಗೆ ತುಂಬದಿದ್ದರೆ ಇನ್ನೂ ಒಳ್ಳೆಯದು.

ಗಾಳಿಯ ವಿಷಯ ನಮ್ಮ ಊರಿಗೆ ಮುಖ್ಯ. ಕಾರ್ತಿಕದಲ್ಲಿ ಕೃಷ್ಣ ಮಠದ ಲಕ್ಷದೀಪೋತ್ಸವಕ್ಕೆ ರಥಬೀದಿಗೆ ಹೋದರೆ ಸುಮ್ನೆ ಒಂದು ಕಡೆ ನಿಂತು ಹಣತೆಗಳ ಸಾಲನ್ನು ನೋಡಿ. ಗಾಳಿ ಬಂದಾಗ ಎಲ್ಲ ಉರಿಗಳೂ ಒಟ್ಟಿಗೆ ಒಂದೇ ಕಡೆ ಬಾಗುತ್ತವೆ. ಬತ್ತಿಯ ತುದಿ ಗಾಳಿ ಹೋಗುವ ದಿಕ್ಕಿಗೇ ಇದ್ದರೆ ಉರಿ ಹಣತೆಯಿಂದ ಹೊರಗೆ ಬಾಗುತ್ತದೆ, ಬತ್ತಿಗೆ ಏನೂ ಆಗುವುದಿಲ್ಲ. ತುದಿ ಗಾಳಿಗೆ ಎದುರಾಗಿದ್ದರೆ ಉರಿ ಹಿಂದಕ್ಕೆ, ಬತ್ತಿಯ ಮೈ ಮೇಲೆಯೇ ಮಲಗುತ್ತದೆ. ಬತ್ತಿ ಬಾಲದವರೆಗೂ ಕಾಯುತ್ತದೆ, ಉದ್ದಕ್ಕೂ ಹೊತ್ತಿಕೊಳ್ಳುತ್ತದೆ, ಹಣತೆಯೊಳಗೇ ಉರಿ ಇಳಿಯುತ್ತದೆ. ಸಂಜೆ ಪಡುಗಾಳಿ ಬೀಸುವ ಹೊತ್ತಿನಲ್ಲಿ ಅಂಗಳದಲ್ಲಿ ಹಣತೆ ಇಡುವಾಗ ನಾನು ತುದಿಯನ್ನು ಮೂಡುದಿಕ್ಕಿಗೆ ತಿರುಗಿಸುತ್ತೇನೆ. ಪೂಜೆಗೆ ಇಂಥದ್ದೇ ದಿಕ್ಕು ಬೇಕು ಅನ್ನುವ ಮನೆಗಳಲ್ಲಿ ದೀಪದ ಹಿಂದೆ ಒಂದು ಅಡ್ಡ ಇಟ್ಟರಾಯಿತು.

ಹೊಸ ಮಣ್ಣಿನ ಹಣತೆಯನ್ನು ನೀರಲ್ಲಿ ನೆನೆಹಾಕಬೇಕು ಅನ್ನುವುದೂ ಇದೇ ಲೆಕ್ಕ. ಸುಟ್ಟ ಮಣ್ಣಿನ ತುಂಬ ಸಣ್ಣ ತೂತು. ಅವೂ ಬತ್ತಿಯ ಸಂದುಗಳ ಹಾಗೇ ಎಣ್ಣೆ ಹೀರುತ್ತವೆ. ಮೊದಲೇ ನೀರು ಕುಡಿಸಿ ತೂತು ತುಂಬಿಸಿದರೆ ಎಣ್ಣೆಗೆ ಜಾಗ ಇರುವುದಿಲ್ಲ. ನೆನೆದ ಹಣತೆಯ ಮೈ ಒರೆಸಿ, ಸ್ವಲ್ಪ ಗಾಳಿಗಿಟ್ಟು ಆಮೇಲೆ ಎಣ್ಣೆ ಹಾಕಿ. ತಳದಲ್ಲಿ ನೀರು ನಿಂತಿದ್ದರೆ ಅದು ಬತ್ತಿ ಸೇರಿ, ಕಾದು, ಚಟಪಟ ಸಿಡಿಯುತ್ತದೆ.

ಮಳೆಗಾಲದಲ್ಲಿ ದೀಪ ಸಿಡಿಯುವುದು ಎಲ್ಲರಿಗೂ ಗೊತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಉಪ್ಪೂ ಒದ್ದೆ, ಬೆಂಕಿಪೆಟ್ಟಿಗೆಯೂ ಒದ್ದೆ. ಹತ್ತಿಯಂತೂ ಗಾಳಿಯ ಪಸೆಯನ್ನು ಎಳೆದುಕೊಳ್ಳುವ ವಸ್ತು. ಇಲ್ಲಿ ಹತ್ತಿಯ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ಕಾಯಿಯಿಂದ ಬಿಡಿಸಿದ ಹತ್ತಿಯ ಎಳೆಗೆ ಹುಟ್ಟಿನಿಂದಲೇ ತೆಳುವಾದ ಮೇಣದ ಪದರ ಇರುತ್ತದೆ. ಅದಕ್ಕೆ ನೀರು ಹಿಡಿಸದು, ಎಣ್ಣೆ ಚೆನ್ನಾಗಿ ಹಿಡಿಸುತ್ತದೆ. ಮೆಡಿಕಲ್ ಅಂಗಡಿಯ ಬೆಳ್ಳಗಿನ ಹತ್ತಿಯಲ್ಲಿ ಆ ಮೇಣವನ್ನು ತೊಳೆದು ತೆಗೆದಿರುತ್ತಾರೆ. ಗಾಯದ ನೀರು ಹೀರಲು ಅದು ಬೇಕು, ದೀಪಕ್ಕೆ ಬೇಡ. ಅಮ್ಮ ಮಧ್ಯಾಹ್ನ ಹೊತ್ತಿಗೆ ಬೀಜ ಬಿಡಿಸಿ, ಅಂಗೈಗೆ ಚೂರು ಬೂದಿ ಹಚ್ಚಿಕೊಂಡು ಹೊಸೆಯುತ್ತಿದ್ದ ಬತ್ತಿ ಅಂಗಡಿಯದ್ದಕ್ಕಿಂತ ಚೆನ್ನಾಗಿ ಉರಿಯುತ್ತಿದ್ದದ್ದು ಪ್ರೀತಿಯಿಂದ ಮಾತ್ರ ಅಲ್ಲ, ಈ ಮೇಣದಿಂದಲೂ ಇರಬೇಕು. ಅಂಗಡಿ ಬತ್ತಿಯಲ್ಲಿ ಇನ್ನೊಂದು ನೋಡಬೇಕಾದ್ದು ಪಾಲಿಯೆಸ್ಟರ್ ಬೆರಕೆ. ಒಂದು ಎಳೆ ಕಿತ್ತು ಸುಟ್ಟು ನೋಡಿ. ಹತ್ತಿಯಾದರೆ ಬೂದಿಯಾಗುತ್ತದೆ, ಕಾಗದ ಸುಟ್ಟ ವಾಸನೆ. ಕರಗಿ ಗಟ್ಟಿ ಮಣಿಯಾದರೆ ಅದು ಬೆರಕೆ. ಕರಗಿದ ಪ್ಲಾಸ್ಟಿಕ್ ಸಂದುಗಳನ್ನೆಲ್ಲ ಮುಚ್ಚುತ್ತದೆ.

ಹೊಸೆಯುವ ಬಿಗಿಯೂ ಇದೇ ತಕ್ಕಡಿಯ ಮಾತು. ಬಿಗಿಯಾಗಿ ಹೊಸೆದರೆ ಸಂದು ಸಣ್ಣ, ಎಣ್ಣೆ ಎತ್ತರ ಏರುತ್ತದೆ ಆದರೆ ತೆವಳಿಕೊಂಡು ಬರುತ್ತದೆ. ಸಡಿಲ ಮಾಡಿದರೆ ಎಣ್ಣೆ ಸಲೀಸಾಗಿ ಬರುತ್ತದೆ, ಆದರೆ ಬತ್ತಿ ನಿಲ್ಲುವುದಿಲ್ಲ, ಮೆತ್ತಗಾಗಿ ಎಣ್ಣೆಗೆ ಬೀಳುತ್ತದೆ. ಎರಡು ಬತ್ತಿ ಜೋಡಿಸಿ ಇಡುವ ಪದ್ಧತಿಗೆ ಹಿರಿಯರು ಬೇರೆ ಕಾರಣ ಹೇಳುತ್ತಾರೆ. ಎಣ್ಣೆಯ ದೃಷ್ಟಿಯಿಂದಲೂ ಅದು ಒಳ್ಳೆಯದೇ: ಎರಡರ ನಡುವಿನ ಸಂದೇ ಒಂದು ಹೆಚ್ಚಿನ ದಾರಿ, ಜೊತೆಗೆ ಒಂದಕ್ಕೊಂದು ಆಸರೆ.

ಬತ್ತಿಯ ಈ ಲೆಕ್ಕ ದೀಪಕ್ಕೆ ಮಾತ್ರ ಅಲ್ಲ. ಮಂಗಳೂರಿನ ಮನೆ ಮನೆಯಲ್ಲಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಸೊಳ್ಳೆ ಮೆಷಿನ್ ತೆಗೆದುಕೊಳ್ಳಿ. ಬಾಟಲಿಯಿಂದ ಮೇಲೆ ಬಂದ ಪೆನ್ಸಿಲಿನಂಥ ಗಟ್ಟಿ ಕಡ್ಡಿಯೇ ಬತ್ತಿ. ಅದರ ತಲೆಯ ಸುತ್ತ ಬಿಸಿಯಾಗುವ ಬಳೆ. ಅಲ್ಲಿ ಬೆಂಕಿ ಇಲ್ಲ, ದ್ರವ ಬರೀ ಆವಿಯಾಗುತ್ತದೆ. ಕಡ್ಡಿ ಬಳೆಯ ಸರಿಯಾದ ನಡುವಿಗೆ ಕೂರಬೇಕು. ಬಾಟಲಿಯನ್ನು ಪೂರ್ತಿ ತಿರುಗಿಸಿ ಬಿಗಿ ಮಾಡದಿದ್ದರೆ ತಲೆ ಬಳೆಯ ಕೆಳಗೇ ಉಳಿಯುತ್ತದೆ, ಲೈಟು ಉರಿಯುತ್ತದೆ, ಸೊಳ್ಳೆ ಮಾತ್ರ ಹೋಗುವುದಿಲ್ಲ. ನೆಲದ ಮೇಲಿನ ಎಕ್ಸ್‌ಟೆನ್ಶನ್ ಬಾಕ್ಸಿಗೆ ಅಡ್ಡ ಮಲಗಿಸಿ ಹಾಕುವುದೂ ತಪ್ಪು. ದ್ರವ ಹೊರಗೆ ಸೋರಬಹುದು.

ಎಷ್ಟೋ ಇ-ಸಿಗರೇಟುಗಳ ಒಳಗೂ ಹತ್ತಿಯ ಬತ್ತಿಯೇ ಇರುವುದು. ಸುರುಳಿ ಸುತ್ತಿದ ತಂತಿಯ ನಡುವೆ ಹತ್ತಿ ತೂರಿಸಿ, ಎರಡು ಬಾಲಗಳನ್ನು ದ್ರವಕ್ಕೆ ಇಳಿಬಿಡುತ್ತಾರೆ. ಹತ್ತಿ ಬಿಗಿಯಾದರೆ ದ್ರವ ಬಾರದೆ ಹತ್ತಿಯೇ ಸುಡುತ್ತದೆ, ಸಡಿಲವಾದರೆ ಸೋರುತ್ತದೆ. ನನ್ನ ಹಣತೆಗಳ ಕಥೆಯೇ. ಒಂದೇ ವ್ಯತ್ಯಾಸ, ಆ ದ್ರವ ಗ್ಲಿಸರಿನ್ ಥರದ್ದು, ಎಣ್ಣೆಯ ಹಾಗಲ್ಲದೆ ನೀರಿನ ಜೊತೆ ಬೆರೆಯುವಂಥದ್ದು. ಹಾಗಾಗಿ ಅಲ್ಲಿಗೆ ಮೇಣ ತೆಗೆದ ಹತ್ತಿಯೇ ಬೇಕು. ನಮ್ಮ ದೇಶದಲ್ಲಿ 2019ರ ಕಾನೂನಿನ ಪ್ರಕಾರ ಅವುಗಳ ತಯಾರಿಕೆ, ಆಮದು, ಮಾರಾಟ, ಸಂಗ್ರಹ, ಜಾಹೀರಾತು ಎಲ್ಲವೂ ನಿಷೇಧ. ಸುಟ್ಟ ಹತ್ತಿಯ ಹೊಗೆ ಶ್ವಾಸಕೋಶಕ್ಕೆ ಹೋಗುವುದನ್ನು ನೆನೆದರೆ ನಿಷೇಧ ಒಳ್ಳೆಯದೇ ಅನಿಸುತ್ತದೆ.

ಕೊನೆಗೆ ರಾತ್ರಿಯಿಡೀ ಉರಿಯಬೇಕಾದ ನಂದಾದೀಪದ ಮಾತು. ಅದಕ್ಕೆ ಒಂದು ಸಲ ಸರಿ ಕೂರಿಸಿದರೆ ಸಾಲದು. ಎಣ್ಣೆಯಲ್ಲಿರುವ ಅಂಟು, ಕಸ ಎಲ್ಲ ತುದಿಗೆ ಬಂದು ಕರಕಲಾಗಿ, ಸಾಸಿವೆಯಂಥ ಕಪ್ಪು ಗುಂಡು ಕಟ್ಟುತ್ತದೆ. ಗುಂಡು ಬೆಳೆದಂತೆ ಉರಿ ಒಡೆದು ಎರಡಾಗುತ್ತದೆ, ಹೊಗೆ ಶುರುವಾಗುತ್ತದೆ. ಮಲಗುವ ಮೊದಲು ಅದನ್ನು ಕಡ್ಡಿಯಲ್ಲಿ ತಟ್ಟಿ ಬೀಳಿಸಿ, ತುದಿಯನ್ನು ಕಾಳಿನಷ್ಟು ಮುಂದೆ ದೂಡಿ, ಎಣ್ಣೆ ತುಂಬಿಸಬೇಕು. ಗುಂಡು ಎಣ್ಣೆಯೊಳಗೆ ಬೀಳದಂತೆ ನೋಡಿಕೊಳ್ಳಿ. ಬಿದ್ದರೆ ಅದೂ ಒಂದು ಬತ್ತಿಯ ಹಾಗೆ ಎಣ್ಣೆಯ ನಡುವೆಯೇ ಹೊತ್ತಿಕೊಳ್ಳಬಹುದು. ಧನುರ್ಮಾಸದ ಚಳಿಯಲ್ಲಿ ಇನ್ನೊಂದು ಎಚ್ಚರ: ತೆಂಗಿನೆಣ್ಣೆ ಸುಮಾರು 24 ಡಿಗ್ರಿಯ ಕೆಳಗೆ ಗಟ್ಟಿಯಾಗಲು ಶುರುವಾಗುತ್ತದೆ. ಉರಿಯ ಹತ್ತಿರ ಕರಗಿರುತ್ತದೆ, ದೂರದಲ್ಲಿ ಬೆಣ್ಣೆಯಂತಿರುತ್ತದೆ, ಬಾಲ ಅಲ್ಲಿದ್ದರೆ ಹೀರಲು ಏನೂ ಇಲ್ಲ. ಆ ದಿನಗಳಲ್ಲಿ ದೊಡ್ಡಮ್ಮ ಬತ್ತಿಯ ಬಾಲವನ್ನು ಉರಿಯ ಕಡೆಗೇ ಮಡಚಿ ಇಡುತ್ತಾರೆ, ತೆಂಗಿನೆಣ್ಣೆಗೆ ಒಂದು ಚಮಚ ಎಳ್ಳೆಣ್ಣೆ ಬೆರೆಸುತ್ತಾರೆ. ಬೆಳಿಗ್ಗೆ ಐದಕ್ಕೆ ಅವರು ದೇವರಕೋಣೆಯ ಬಾಗಿಲು ತೆಗೆಯುವಾಗ ದೀಪ ಇನ್ನೂ ಉರಿಯುತ್ತಿರುತ್ತದೆ.